ಹಳೇ ವಿಮಾನದ ಕಂಟ್ರೋಲ್ ಜಾಮ್ ಆಗಿ ಹಿಡ್ಕೊಂಡಿದ್ಯಾ? ಮೊದ್ಲು ಸ್ಟಿಕ್ ಬಿಡಿ

ವರ್ಷಗಟ್ಟಲೆ ಶೆಡ್ಡಲ್ಲಿ ನಿಂತಿದ್ದ ವಿಮಾನ ಕೈಗೆ ಸಿಕ್ತು ಅಂದ ತಕ್ಷಣ ಎಲ್ರೂ ಮಾಡೋ ಮೊದಲ್ನೇ ಕೆಲ್ಸ ಕಾಕ್‌ಪಿಟ್ಟಿಗೆ ಹತ್ತಿ ಕೂತ್ಕೊಂಡು ಸ್ಟಿಕ್ (ವಿಮಾನ ನಡೆಸೋ ಹಿಡಿ) ಅಲ್ಲಾಡ್ಸೋದು. ನಾನೂ ಮಾಡಿದೀನಿ. ಅಲ್ಲಾಡ್ಲಿಲ್ಲ ಅಂದ್ರೆ ಸ್ವಲ್ಪ ಜೋರಾಗಿ, ಆಮೇಲೆ ಇನ್ನೂ ಜೋರಾಗಿ, ಕೊನೆಗೆ ಎರಡೂ ಕೈಲಿ. ಹಾಗೆ ತಳ್ತಾ ಇದ್ದಾಗ ಒಂದ್ಸಲ ಟಕ್ ಅಂತ ಸದ್ದಾಯ್ತು, ಸ್ಟಿಕ್ ಎರಡಿಂಚು ಮುಂದಕ್ಕೆ ಹೋಯ್ತು, ಬಿಟ್ಕೊಂತಪ್ಪಾ ಅಂತ ಖುಷಿಯಾಗಿ ಹಿಂದೆ ಹೋಗಿ ನೋಡಿದ್ರೆ ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡೋ ಬಾಲದ ಪಟ್ಟಿ) ಇದ್ದಲ್ಲೇ ಇದೆ, ಸ್ಟಿಕ್ಕಿನ ಬಲ ಅದಕ್ಕೆ ದಾಟಿಸೋ ಮಧ್ಯದ ಪುಶ್-ಪುಲ್ ಟ್ಯೂಬು ಬಾಳೆಕಾಯಿ ಥರ ಬಗ್ಗಿದೆ.

ಲೆಕ್ಕ ಹಾಕಿದ್ರೆ ಇದ್ರಲ್ಲಿ ಆಶ್ಚರ್ಯ ಏನಿಲ್ಲ. ನಿಮ್ಮ ಕೈಯಿಂದ ಸ್ಟಿಕ್ಕಿನ ಪಿವಟ್‌ಗೆ 50 ಸೆಂಟಿಮೀಟರ್, ಪಿವಟ್ಟಿಂದ ಕೆಳಗೆ ಟ್ಯೂಬು ಕೂರೋ ಜಾಗಕ್ಕೆ 5 ಸೆಂಟಿಮೀಟರ್ ಅಂದ್ಕೊಳಿ, ಕೈಲಿ 20 ಕೆಜಿ ಹಾಕಿದ್ರೆ ಅಲ್ಲಿ 200 ಕೆಜಿ ಬೀಳತ್ತೆ. ಹಿಡ್ಕೊಂಡಿರೋದು ಬಾಲದಲ್ಲಿರೋ ಒಂದು ಸಣ್ಣ ಬೋಲ್ಟು, ಪೆಟ್ಟು ತಿನ್ನೋದು ಮಧ್ಯದಲ್ಲಿರೋ ಟ್ಯೂಬು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ ಕಥೆ. ಅದಕ್ಕೇ ಸ್ಟಿಕ್, ರಡ್ಡರ್ ಪೆಡಲ್ಲು, ಹೊರಗಿಂದ ಐಲರಾನ್ (ರೆಕ್ಕೆ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡೋ ಪಟ್ಟಿ) ತುದಿ, ಇದ್ಯಾವುದನ್ನೂ ಹಿಡ್ದು ಬಲಪ್ರಯೋಗ ಮಾಡ್ಬೇಡಿ. ಕೆಲ್ಸ ಏನಿದ್ರೂ ಹಿಡ್ಕೊಂಡಿರೋ ಜಾಯಿಂಟ್ ಹತ್ರಾನೇ.

ಅದಕ್ಕೂ ಮುಂಚೆ ಇನ್ನೊಂದು, ನಗ್ಬೇಡಿ, ಕಂಟ್ರೋಲ್ ಲಾಕ್ ತೆಗ್ದಿದಾರಾ ನೋಡಿ. ಗಾಳಿಗೆ ಸರ್ಫೇಸ್ (ಎಲಿವೇಟರ್, ಐಲರಾನ್ ಥರದವು) ಬಡ್ಕೋಬಾರ್ದು ಅಂತ ಹಾಕಿರೋ ಪಿನ್ನು ಸೀಟಿನ ಕೆಳಗೋ ಡ್ಯಾಶ್ ಹಿಂದೋ ಹಾಗೇ ಉಳ್ದಿರತ್ತೆ, ಅದನ್ನ ನೋಡ್ದೆ ಅರ್ಧ ದಿನ ಎಣ್ಣೆ ಬಿಟ್ಕೊಂಡು ಕೂತವ್ರನ್ನ ನಾನು ನೋಡಿದೀನಿ. ಆಮೇಲೆ ಟಾರ್ಚ್ ಹಿಡ್ದು ಬಾಲದ ಒಳಗೆ ನೋಡಿ, ಹಕ್ಕಿ ಗೂಡು, ಕಣಜದ ಮಣ್ಣಿನ ಗೂಡು, ಇಲಿ ಕಟ್ಟಿರೋ ಹತ್ತಿ ಗುಡ್ಡೆ. ಮಣ್ಣಿನ ಗೂಡು ಪುಲ್ಲಿ ಹತ್ರ ಇದ್ರೆ ಅದೇ ಸಾಕು ಕೇಬಲ್ ತಡೆಯೋಕೆ. ಇಲಿ ಇದ್ದ ಕಡೆ ಉಚ್ಚೆ ಬಿದ್ದಿರತ್ತೆ, ಅಲ್ಯೂಮಿನಿಯಂನ ಅದು ತಿಂದುಹಾಕತ್ತೆ, ಅಂಥಾ ಜಾಗದಲ್ಲಿರೋ ಬ್ರ್ಯಾಕೆಟ್ಟನ್ನ ಡಬಲ್ ಅನುಮಾನದಿಂದ ನೋಡಿ.

ಈಗ ಯಾವ ಜಾಯಿಂಟು ಅಂತ ಪತ್ತೆ ಮಾಡ್ಬೇಕು. ಸ್ಟಿಕ್ಕಿಂದ ಸರ್ಫೇಸ್‌ವರೆಗಿನ ಟ್ಯೂಬು, ಕೇಬಲ್ಲಿನ ಸರಪಳಿಯನ್ನ ಮಧ್ಯದಲ್ಲಿ ಬಿಚ್ಚಿ ಎರಡು ಭಾಗ ಮಾಡೋದು, ಯಾವ ಭಾಗ ಆಡಲ್ವೋ ಅದನ್ನ ಮತ್ತೆ ಎರಡು ಮಾಡೋದು, ಮೂರ್ನಾಲ್ಕು ಸಲದಲ್ಲಿ ಕಳ್ಳ ಸಿಕ್ತಾನೆ. ಬಟ್ಟೆ ಹೊದಿಸಿರೋ ವಿಮಾನ ಆದ್ರೆ ಒಳಗೆ ಕೈ ಹೋಗೋಕೆ ಜಾಗ ಇರಲ್ಲ, ಇನ್ಸ್‌ಪೆಕ್ಷನ್ ರಿಂಗ್ ಅಂಟಿಸಿ, ಒಣಗಿದ್ಮೇಲೆ ಅದರ ಒಳಗಿನ ಬಟ್ಟೆ ಕತ್ತರಿಸಿ, ಆಮೇಲೆ ಮುಚ್ಚಳ ಹಾಕ್ಕೋಬಹುದು. ಕೆಲವು ವಿಮಾನದಲ್ಲಿ ಕಳ್ಳ ಹೊರಗೇ ಕೂತಿರ್ತಾನೆ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ವಿಮಾನದಲ್ಲಿ ಐಲರಾನ್ ತಳ್ಳೋ ದುಂಡನೆ ಬೆಲ್‌ಕ್ರ್ಯಾಂಕು (ಬಲದ ದಿಕ್ಕು ಬದಲಿಸೋ, ಪಿವಟ್ ಮೇಲೆ ತಿರುಗೋ ತುಂಡು) ಕೆಳಗಿನ ರೆಕ್ಕೆಯ ಅಡಿ ಭಾಗದಲ್ಲಿ ಬಟ್ಟೆಗೆ ಸಮವಾಗಿ ಇರತ್ತೆ, ಚಕ್ರ ಎರಚಿದ ಕೆಸ್ರು ನೀರು ಅಲ್ಲಿಗೆ ಹೋಗೋದು ದೊಡ್ಡ ವಿಷಯ ಅಲ್ಲ.

ಬಿಚ್ಚೋ ಮುಂಚೆ ಫೋಟೋ, ಬೇಕು ಅನ್ಸಿದ್ದಕ್ಕಿಂತ ಮೂರು ಪಟ್ಟು ಫೋಟೋ. ಬೋಲ್ಟಿನ ತಲೆ ಯಾವ ಕಡೆ, ವಾಷರ್ ಎಷ್ಟು, ಎಲ್ಲಿ ದಪ್ಪ ಎಲ್ಲಿ ತೆಳು. ಪುಶ್-ಪುಲ್ ಟ್ಯೂಬ್ ಆದ್ರೆ ಎರಡೂ ತುದಿಯ ತೂತಿನ ಮಧ್ಯದಿಂದ ಮಧ್ಯಕ್ಕೆ ಉದ್ದ ಅಳ್ದು ಬರ್ಕೊಳಿ, ರಾಡ್ ಎಂಡ್ (ಟ್ಯೂಬಿನ ತುದಿಗೆ ಥ್ರೆಡ್ಡಲ್ಲಿ ಕೂರೋ ತೂತಿನ ತುಂಡು) ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಅಂತ ಎಣಿಸಿ. ಜ್ಞಾಪಕ ಇರತ್ತೆ ಬಿಡು ಅಂದ್ಕೋಬೇಡಿ, ಇರಲ್ಲ.

ಇಲ್ಲಿಗೆ ಬಂದ್ಮೇಲೆ ಎಣ್ಣೆ ಡಬ್ಬಿ ಎತ್ತೋ ಮುಂಚೆ ಒಂದು ತೀರ್ಮಾನ ತಗೋಬೇಕು, ನನ್ನ ಪ್ರಕಾರ ಇಡೀ ಕೆಲ್ಸದಲ್ಲಿ ಮುಖ್ಯವಾದ್ದು ಇದೇ: ಈ ಜಾಯಿಂಟಲ್ಲಿ ಉಳಿಸ್ಬೇಕಾಗಿರೋದು ಯಾವುದು, ಬಲಿ ಕೊಡೋದು ಯಾವುದು? ಬೋಲ್ಟು, ನಟ್ಟು, ನಟ್ಟು ಸಡಿಲಾಗದ ಹಾಗೆ ಹಾಕೋ ಸ್ಪ್ಲಿಟ್ ಪಿನ್ನು, ತೂತೊಳಗೆ ಕೂರೋ ಸಣ್ಣ ಕೊಳವೆ ಅಂದ್ರೆ ಬುಶ್ಶು ಹೊಸದು ಸಿಗತ್ತೆ. 80 ವರ್ಷ ಹಳೇ ಬೆಲ್‌ಕ್ರ್ಯಾಂಕು, ಅದು ಕೂತಿರೋ ಬ್ರ್ಯಾಕೆಟ್ಟು, ಬೆಸುಗೆ ಹಾಕಿರೋ ಟಾರ್ಕ್ ಟ್ಯೂಬು ಸಿಗಲ್ಲ. ಅಂದ್ಮೇಲೆ ಬೋಲ್ಟಿನ ತಲೆ ಹಾಳಾಗತ್ತೆ ಅಂತ ಚಿಂತೆ ಮಾಡ್ತಾ ಬೆಲ್‌ಕ್ರ್ಯಾಂಕಿನ ಕೈಗೆ ಸುತ್ತಿಗೆ ಹಾಕೋದು ಎಂಥ ಬುದ್ಧಿ.

ಇದೇ ಲೆಕ್ಕದಲ್ಲಿ ಕೆಲವು ಸಾಮಾನು ಬಿಡಿಸೋ ಪ್ರಯತ್ನಾನೇ ಬೇಡ. ಸೀಲ್ ಇರೋ ಕಂಟ್ರೋಲ್ ಬೇರಿಂಗ್ ಹಿಡ್ಕೊಂಡಿದ್ರೆ ಅದರ ಕಥೆ ಮುಗೀತು, ಎಣ್ಣೆ ಬಿಟ್ರೆ ತಿರುಗತ್ತೆ, ಆದ್ರೆ ಒಳಗಿನ ಗ್ರೀಸ್ ತೊಳ್ದು ಹೋಗಿರತ್ತೆ, ಗುಂಡಿನ ಮೇಲೆ ತುಕ್ಕಿನ ಗುಳಿ ಹಾಗೇ ಇರತ್ತೆ. ತಿರುಗ್ತಿಲ್ಲದ ಪುಲ್ಲಿ ಮೇಲೆ ಕೇಬಲ್ ಉಜ್ಜಿ ಉಜ್ಜಿ ಒಂದೇ ಕಡೆ ತಗ್ಗು ಮಾಡಿರತ್ತೆ, ಅದೂ ಕಸಕ್ಕೆ. ಕೇಬಲ್ ಗಟ್ಟಿಯಾಗಿ ತಂತಿ ಥರ ನಿಂತಿದ್ರೆ ಎಳೆಗಳ ಒಳಗೆ ತುಕ್ಕು ಹಿಡ್ದಿದೆ ಅಂತ ಅರ್ಥ, ಅದನ್ನ ಪೆಟ್ರೋಲಲ್ಲೋ ಥಿನ್ನರಲ್ಲೋ ನೆನೆಸಿ "ಫ್ರೀ" ಮಾಡೋಕೆ ಹೋಗ್ಬೇಡಿ, ಒಳಗಿನ ಎಣ್ಣೆ ಹೋಗಿ ಇನ್ನೂ ಬೇಗ ಹಾಳಾಗತ್ತೆ, ಹೊಸಾ ಕೇಬಲ್ ಮಾಡ್ಸಿ.

ಸರಿ, ಬಿಡಿಸೋಕೆ ಯೋಗ್ಯವಾದ ಜಾಯಿಂಟು ಅಂತ ಆಯ್ತು. ಏನು ಹಿಡ್ಕೊಂಡಿದೆ ನೋಡಿ. ಕಂದು ಪುಡಿ ಇದ್ರೆ ಉಕ್ಕಿನ ತುಕ್ಕು. ಬಿಳಿ ಪುಡಿ ಉಬ್ಬಿ ಬಂದಿದ್ರೆ ಅಲ್ಯೂಮಿನಿಯಂ ಕೊಳೀತಾ ಇದೆ, ಅಲ್ಯೂಮಿನಿಯಂ ತೂತಲ್ಲಿ ಉಕ್ಕಿನ ಬೋಲ್ಟು ಕೂತು ನಡುವೆ ತೇವ ಸೇರಿದ್ರೆ ಸಣ್ಣ ಬ್ಯಾಟರಿ ಥರ ಕೆಲಸ ಮಾಡತ್ತೆ, ಕರಗೋದು ಅಲ್ಯೂಮಿನಿಯಂ. ಎರಡ್ರಲ್ಲೂ ಹೊಸದಾಗಿ ಹುಟ್ಟೋ ಪುಡಿ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ತಗೊಳತ್ತೆ, ಅದಕ್ಕೇ ಬೋಲ್ಟು ಬೆಣೆ ಹೊಡ್ದ ಹಾಗೆ ಬಿಗಿಯಾಗೋದು. ಹಳದಿ-ಕಂದು ಅಂಟು ಮೇಣದ ಥರ ಇದ್ರೆ ಅದೃಷ್ಟ, ಅದು ಒಣಗಿದ ಹಳೇ ಗ್ರೀಸ್ ಅಷ್ಟೇ, ಬ್ರಷ್ಷಲ್ಲಿ ಸೀಮೆಎಣ್ಣೆ ಹಚ್ಚಿ ಒಂದು ಗಂಟೆ ಬಿಟ್ರೆ ಎಷ್ಟೋ ಸಲ ತಾನೇ ಬಿಟ್ಕೊಳತ್ತೆ. ಯಾರೋ ಜಾಯಿಂಟಿನ ಮೇಲೇ ಪೇಂಟ್ ಹೊಡ್ದಿದ್ರೆ ಬ್ಲೇಡಲ್ಲಿ ಸುತ್ತಾ ಗೀರಿ, ಇಲ್ದಿದ್ರೆ ಎಣ್ಣೆ ಒಳಗೆ ಹೋಗೋದೇ ಇಲ್ಲ.

ತುಕ್ಕು ಇದ್ರೆ ಪೆನೆಟ್ರೇಟಿಂಗ್ ಆಯಿಲ್. ಯಾವ ಬ್ರ್ಯಾಂಡು ಅಂತ ಜಗಳ ಆಡೋರು ಆಡ್ಲಿ, ಬ್ರ್ಯಾಂಡಿಗಿಂತ ಟೈಮ್ ಮುಖ್ಯ. ಡಬ್ಲ್ಯೂಡಿ-40 ಹೆಸರಲ್ಲೇ ಇದೆ (ವಾಟರ್ ಡಿಸ್‌ಪ್ಲೇಸ್‌ಮೆಂಟ್), ನೀರನ್ನ ಹೊರದೂಡೋಕೆ 1953ರಲ್ಲಿ ಮಾಡಿದ್ದು, ಹಗುರ ತುಕ್ಕಿಗೆ ಪರವಾಗಿಲ್ಲ, ಗಟ್ಟಿ ಹಿಡ್ಕೊಂಡಿರೋದಕ್ಕೆ ಅದಕ್ಕೇ ಅಂತ ಮಾಡಿರೋ ಎಣ್ಣೆ ಬೇಕು. ಅಸಿಟೋನ್ ಮತ್ತೆ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆ ಅರ್ಧರ್ಧ ಬೆರೆಸೋ ಮನೆಮದ್ದು ನಿಜವಾಗ್ಲೂ ಕೆಲ್ಸ ಮಾಡತ್ತೆ, ಆದ್ರೆ ಅದನ್ನ ಬಿಚ್ಚಿ ಬೆಂಚಿನ ಮೇಲೆ ಇಟ್ಟಿರೋ ಪಾರ್ಟಿಗೆ ಮಾತ್ರ ಬಳಸಿ, ಯಾಕಂದ್ರೆ ಬಟ್ಟೆ ಬಿಗಿಯಾಗ್ಲಿ ಅಂತ ಮೇಲೆ ಹಚ್ಚಿರೋ ಡೋಪ್ ಅನ್ನೋ ಲೇಪನ್ನ ಅಸಿಟೋನ್ ಕರಗಿಸಿಬಿಡತ್ತೆ, ಒಂದು ತೊಟ್ಟು ಬಿದ್ರೂ ರೆಕ್ಕೆ ಮೇಲೆ ಸುಕ್ಕು.

ಎಣ್ಣೆ ಸುಮ್ನೆ ಚಿಮುಕಿಸಿದ್ರೆ ಹರ್ದು ಕೆಳಗೆ ಹೋಗತ್ತೆ. ನಾನು ಮಾಡೋದು ಹೀಗೆ: ಮಕ್ಕಳು ಆಡೋ ಮೇಣದ ಜೇಡಿ ಇರತ್ತಲ್ಲ, ಅದನ್ನ ಬೋಲ್ಟಿನ ತಲೆ ಸುತ್ತ ಬಾವಿಕಟ್ಟೆ ಥರ ಕಟ್ಟಿ, ಮಧ್ಯದಲ್ಲಿ ನಾಲ್ಕೈದು ತೊಟ್ಟು ಎಣ್ಣೆ ತುಂಬಿ ಬಿಡ್ತೀನಿ. ಬೆಳಿಗ್ಗೆ ನೋಡಿದ್ರೆ ಮಟ್ಟ ಇಳ್ದಿರತ್ತೆ, ಮತ್ತೆ ತುಂಬ್ಸು. ಕೆಳಗಿನ ಕಡೆ ಕಂದು ನೀರು ಜಿನುಗೋಕೆ ಶುರುವಾಯ್ತು ಅಂದ್ರೆ ದಾರಿ ತೆರೀತು ಅಂತ. ಇದಕ್ಕೆ ಎರಡು ದಿನ ಆಗ್ಬಹುದು, ವಾರ ಆಗ್ಬಹುದು. ದಿನಕ್ಕೆರಡು ಸಲ ಸಣ್ಣ ಸುತ್ತಿಗೇಲಿ ಬೋಲ್ಟಿನ ತಲೆ ಮೇಲೆ ಟಿಕ್ ಟಿಕ್ ಅಂತ ಹತ್ತಿಪ್ಪತ್ತು ಮೃದು ಏಟು ಕೊಡಿ, ಹೊರಗೆ ಬರಿಸೋಕಲ್ಲ, ತುಕ್ಕು ಬಿರುಕು ಬಿಟ್ಟು ಎಣ್ಣೆ ಕುಡೀಲಿ ಅಂತ.

ನಟ್ಟು ತೆಗೆಯೋಕೆ ಮುಂಚೆ ಸ್ಪ್ಲಿಟ್ ಪಿನ್ನು. ಹಳೇದು ಮುರ್ದು ಒಳಗೇ ಉಳ್ಕೊಳತ್ತೆ, ಅದು ಮಾಮೂಲು, ಸಣ್ಣ ಪಂಚಲ್ಲಿ ತಳ್ಳಿ, ಆಗ್ಲಿಲ್ಲ ಅಂದ್ರೆ ಪಿನ್ನಿಗಿಂತ ಸ್ವಲ್ಪ ಸಣ್ಣ ಬಿಟ್ಟಲ್ಲಿ ಡ್ರಿಲ್ ಮಾಡಿ. ಪಿನ್ ಪೂರ್ತಿ ಬಂದಿಲ್ದೆ ನಟ್ಟು ತಿರುಗಿಸಿದ್ರೆ ಥ್ರೆಡ್ಡು ಕಿತ್ಕೊಂಡು ಬರತ್ತೆ.

ಎಣ್ಣೆಗೆ ಬಗ್ಗಲಿಲ್ಲ ಅಂದ್ರೆ ಬಿಸಿ. ಇಲ್ಲಿ ತುಂಬಾ ಹುಷಾರು. ಬೆಂಕಿ ಜ್ವಾಲೆ ಬೇಡವೇ ಬೇಡ. ನೈಟ್ರೇಟ್ ಡೋಪ್ ಹಚ್ಚಿರೋ ಬಟ್ಟೆ ಬೆಂಕಿಪೊಟ್ಟಣಕ್ಕೆ ಸಮ, ಜೊತೆಗೆ ಟ್ಯಾಂಕಿನ ಆವಿ, ಅಸಿಟೋನ್ ಆವಿ. ಏವಿಯೇಷನ್ ಬೋಲ್ಟಿನ ಮೇಲಿರೋ ಹಳದಿ-ಬಂಗಾರದ ಲೇಪ ಕ್ಯಾಡ್ಮಿಯಂ, 321 ಡಿಗ್ರಿ ಸೆಲ್ಸಿಯಸ್‌ಗೆ ಕರಗತ್ತೆ, ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಅಲ್ಯೂಮಿನಿಯಂ ಅಲಾಯ್ ಆದ್ರೆ ಹೀಟ್ ಟ್ರೀಟ್‌ಮೆಂಟ್ ಮಾಡಿರೋದು, ಜಾಸ್ತಿ ಕಾಯ್ಸಿದ್ರೆ ನೋಡೋಕೆ ಹಾಗೇ ಇದ್ರೂ ಶಕ್ತಿ ಹೋಗಿರತ್ತೆ. ನಾನು ಕುದಿಯೋ ನೀರಿನ ಬಿಸಿ ದಾಟಲ್ಲ, ಅಂದ್ರೆ 100 ಡಿಗ್ರಿ. ಬಿಚ್ಚಿರೋ ಬೆಲ್‌ಕ್ರ್ಯಾಂಕನ್ನ ಕುದಿಯೋ ನೀರಲ್ಲೇ ಹತ್ತು ನಿಮಿಷ ಇಟ್ರೆ ಮೀಟರೂ ಬೇಡ, ಭಯಾನೂ ಇಲ್ಲ. ವಿಮಾನದ ಮೇಲೇ ಮಾಡ್ಬೇಕು ಅಂದ್ರೆ ದೊಡ್ಡ ಸೋಲ್ಡರಿಂಗ್ ಐರನ್ ತುದಿಯನ್ನ ಬೋಲ್ಟಿನ ತಲೆಗೆ ಹಿಡಿಯೋದು ನಂಗೆ ಇಷ್ಟ, ಬಿಸಿ ಎಲ್ಲಿಗೆ ಬೇಕೋ ಅಲ್ಲಿಗೇ ಹೋಗತ್ತೆ, ಆದ್ರೆ ಆವಿಯೆಲ್ಲ ಆರಿ ಹೋದ್ಮೇಲೆ ಮಾತ್ರ.

ಬಿಸಿ ಯಾಕೆ ಕೆಲ್ಸ ಮಾಡತ್ತೆ ಅಂದ್ರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗತ್ತೆ. 12 ಮಿಲಿಮೀಟರ್ ತೂತನ್ನ 80 ಡಿಗ್ರಿ ಏರಿಸಿದ್ರೆ ಸಿಗೋ ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ, ಕೇಳೋಕೆ ಏನೂ ಅಲ್ಲ, ಬುಶ್ಶಿಗೆ ಅದೇ ಸ್ವರ್ಗ. ಆದ್ರೆ ಯಾವುದು ಬಿಡತ್ತೆ ಅಂತ ಗಮನಿಸಿ: ಅಲ್ಯೂಮಿನಿಯಂ ಬೆಲ್‌ಕ್ರ್ಯಾಂಕು, ಅದರೊಳಗೆ ಉಕ್ಕಿನ ಬುಶ್ಶು, ಬುಶ್ಶೊಳಗೆ ಉಕ್ಕಿನ ಬೋಲ್ಟು, ಕಾಯ್ಸಿದ್ರೆ ಬೋಲ್ಟು ಬುಶ್ಶಿಂದ ಬಿಡಲ್ಲ, ಬುಶ್ಶು ಬೆಲ್‌ಕ್ರ್ಯಾಂಕಿಂದ ಬಿಡತ್ತೆ. ಒಳ್ಳೇದೇ ಆಯ್ತು ಅಂತ ಎರಡನ್ನೂ ಜೋಡಿಯಾಗಿ ಹೊರಗೆ ತಳ್ಳಿ, ಎರಡೂ ಹೊಸದು ಹಾಕೋದೇ ತಾನೇ. ಉಕ್ಕಿನೊಳಗೆ ಉಕ್ಕು ಆದ್ರೆ ಕಾಯ್ಸು, ತಣ್ಣಗಾಗೋಕೆ ಬಿಡು, ಮತ್ತೆ ಕಾಯ್ಸು. ಬಿಸಿ ಇರುವಾಗ ಮೇಣದಬತ್ತಿ ತುದಿ ಮುಟ್ಟಿಸಿದ್ರೆ ಮೇಣ ಕರಗಿ ಸಂದಿಯೊಳಗೆ ಎಳ್ಕೊಂಡು ಹೋಗತ್ತೆ, ಎಣ್ಣೆ ಸೋತ ಕಡೆ ಮೇಣ ಗೆದ್ದಿದ್ದನ್ನ ನೋಡಿದೀನಿ.

ಸುತ್ತಿಗೆ ಹೊಡೆಯೋದು ಕೊನೇ ಆಯ್ಕೆ, ಹೊಡೆದ್ರೂ ಹಿತ್ತಾಳೆ ಡ್ರಿಫ್ಟ್ (ಏಟು ದಾಟಿಸೋ ಕಡ್ಡಿ) ಇಟ್ಟು, ಎದುರು ಕಡೆ ಭಾರವಾದ ಕಬ್ಬಿಣದ ತುಂಡು ಆನಿಸಿ. ಆಧಾರ ಇಲ್ದೆ ಹೊಡೆದ್ರೆ ಬ್ರ್ಯಾಕೆಟ್ಟಿನ ಕಿವಿ ಹೊರಕ್ಕೆ ಹರಡ್ಕೊಳತ್ತೆ. ಅದಕ್ಕಿಂತ ಒಳ್ಳೇದು ಎಳೆಯೋ ಸಾಧನ ಒಂದನ್ನ ನೀವೇ ಮಾಡ್ಕೊಳೋದು, ಖರ್ಚು ಏನಿಲ್ಲ. ಬೋಲ್ಟಿನ ತಲೆ ಆರಾಮಾಗಿ ಒಳಗೆ ಹೋಗೋವಷ್ಟು ದೊಡ್ಡ ಸಾಕೆಟ್ ಒಂದನ್ನ ತಲೆ ಕಡೆ ಇಡಿ, ಥ್ರೆಡ್ ಕಡೆ ಬೋಲ್ಟಿಗಿಂತ ಸ್ವಲ್ಪ ಸಣ್ಣ ಪಿನ್ನು ಇಡಿ, ಎರಡನ್ನೂ ಸೇರಿಸಿ ಸಿ-ಕ್ಲಾಂಪಲ್ಲಿ ಬಿಗಿ ಮಾಡಿ. ಕ್ಲಾಂಪ್ ತಿರುಗಿಸ್ತಾ ಹೋದ್ರೆ ಬೋಲ್ಟು ಸಾಕೆಟ್ ಒಳಗೆ ಜಾರತ್ತೆ. ಬಿಗಿ ಮಾಡಿ ಹಾಗೇ ಬಿಟ್ಟು ಟೀ ಕುಡ್ಕೊಂಡು ಬನ್ನಿ, ಆಗಾಗ ಸಾಕೆಟ್ ಮೇಲೆ ಟಿಕ್ ಅನ್ನಿಸಿ, ಎಷ್ಟೋ ಸಲ ಯಾರೂ ಮುಟ್ದೇ ಇದ್ದಾಗ ಟಪ್ ಅಂತ ಸದ್ದು ಬರತ್ತೆ. ಬಲ ಬೋಲ್ಟು ಮತ್ತೆ ಬ್ರ್ಯಾಕೆಟ್ ನಡುವೆಯೇ ಸುತ್ತತ್ತೆ, ಟ್ಯೂಬಿಗೆ, ರೆಕ್ಕೆಗೆ ಏನೂ ತಾಗಲ್ಲ.

ಅದಕ್ಕೂ ಬರ್ಲಿಲ್ವಾ? ಕತ್ತರಿಸಿ. ಬೆಲ್‌ಕ್ರ್ಯಾಂಕಿಗೂ ಬ್ರ್ಯಾಕೆಟ್ಟಿಗೂ ನಡುವಿನ ಸಂದೀಲಿ ಹ್ಯಾಕ್ಸಾ ಬ್ಲೇಡ್ ಮಾತ್ರ ತೂರಿಸಿ, ಫ್ರೇಮ್ ಬೇಡ, ಒಂದು ತುದಿಗೆ ಟೇಪ್ ಸುತ್ತಿ ಕೈಲಿ ಹಿಡ್ಕೊಳಿ, ಎರಡೂ ಕಡೆ ತೆಳು ತಗಡು ಇಟ್ರೆ ಗೀರು ಬೀಳಲ್ಲ. ಸಾಮಾನ್ಯವಾಗಿ ಇಂಥ ಜಾಗದಲ್ಲಿ ಎಎನ್-3 ಅನ್ನೋ ಅಳತೆಯ ವಿಮಾನದ ಬೋಲ್ಟು, 3/16 ಇಂಚು, ಅಂದ್ರೆ 5 ಮಿಲಿಮೀಟರೂ ಇಲ್ಲ, ಕಾಲು ಗಂಟೆ ಕೆಲ್ಸ. ಬೆಲ್‌ಕ್ರ್ಯಾಂಕು ಹೊರಗೆ ಬಂದ್ಮೇಲೆ ಉಳ್ದಿರೋ ತುಂಡನ್ನ ಡ್ರಿಲ್ ಪ್ರೆಸ್ಸಲ್ಲಿ ನೆಟ್ಟಗೆ ಇಟ್ಟು ಮಧ್ಯದಲ್ಲಿ ಸಣ್ಣ ಬಿಟ್ಟಿಂದ ಕೊರೀತಾ ಬನ್ನಿ. ಕೈ ಡ್ರಿಲ್ ಹಿಡಿದ್ರೆ ಬಿಟ್ಟು ಗಟ್ಟಿ ಬೋಲ್ಟಿಂದ ಜಾರಿ ಮೆತ್ತಗಿರೋ ಅಲ್ಯೂಮಿನಿಯಂ ಕಡೆ ಓಡತ್ತೆ, ಆಮೇಲೆ ಅಳೋಕೆ ಟೈಮ್ ಸಾಲಲ್ಲ.

ವಿನೆಗರಲ್ಲಿ ನೆನೆಸಿದ್ರೆ ಆಯ್ತಲ್ಲ ಅಂತ ಕೇಳೋರು ಇರ್ತಾರೆ. ತೋಟದ ಕತ್ತರಿಗೆ ಸರಿ, ಇಲ್ಲಿ ಬೇಡ. ಆಮ್ಲ ಗಟ್ಟಿ ಉಕ್ಕಿಗೆ ತಾಗಿದಾಗ ಹುಟ್ಟೋ ಹೈಡ್ರೋಜನ್ ಲೋಹದೊಳಗೆ ಸೇರ್ಕೊಂಡು ಅದನ್ನ ಪೆಡಸು ಮಾಡತ್ತೆ, ಸ್ಪ್ರಿಂಗು, ಬೋಲ್ಟು ಎಚ್ಚರಿಕೆ ಕೊಡ್ದೆ ಮುರೀತವೆ. ಕ್ಯಾಡ್ಮಿಯಂ ಕೂಡ ಆ ನೀರಲ್ಲಿ ಕರಗಿ ಬರತ್ತೆ. ಹಾಗೇ ಅಲ್ಯೂಮಿನಿಯಂ ಉಜ್ಜೋಕೆ ಸ್ಟೀಲ್ ವೂಲ್ ಬೇಡ, ಅದರ ಚೂರು ಸಿಕ್ಕಾಕ್ಕೊಂಡು ಮತ್ತೆ ಕೊಳೆಯೋಕೆ ಶುರು. ಮ್ಯಾಗ್ನೀಸಿಯಂ ಎರಕದ ಪಾರ್ಟ್ ಅಂತ ಅನುಮಾನ ಇದ್ರೆ ಗ್ರೈಂಡರ್ ದೂರ ಇಡಿ, ಅದರ ಪುಡಿ ಹೊತ್ಕೊಳತ್ತೆ.

ಕೇಬಲ್ ಬಿಗಿ ಹೊಂದಿಸೋ ಟರ್ನ್‌ಬಕಲ್ ಬಗ್ಗೆ ಎರಡು ಮಾತು. ಹಿತ್ತಾಳೆ ಕೊಳವೆಯ ಒಂದು ತುದಿ ಎಡ ಥ್ರೆಡ್ಡು, ಆ ಕಡೆ ಸುತ್ತಾ ಒಂದು ಗೀರು ಇರತ್ತೆ, ಅದನ್ನ ನೋಡ್ದೆ ಬಿಚ್ತೀನಿ ಅಂತ ಬಿಗಿ ಮಾಡ್ತಾ ಕೂರೋರೇ ಜಾಸ್ತಿ. ಬರ್ಲೇ ಇಲ್ಲ ಅಂದ್ರೆ ಕೇಬಲ್ ಕತ್ತರಿಸಿ, ಅದನ್ನ ಹೇಗೂ ಬದಲಾಯಿಸ್ತೀರಿ.

ಪಾರ್ಟು ಕೈಗೆ ಬಂತು. ಬಿಟ್ಕೊಂತು ಅಂದ್ರೆ ಚೆನ್ನಾಗಿದೆ ಅಂತ ಅಲ್ಲ. ಪೂರ್ತಿ ತೊಳ್ದು 10 ಪಟ್ಟು ಲೆನ್ಸಲ್ಲಿ ತೂತಿನ ಅಂಚು, ಕೈ ಮೂಲೆ, ಬೆಸುಗೆ ನೋಡಿ. ಅಲ್ಯೂಮಿನಿಯಂಗೆ ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿಯೋ ಬಣ್ಣ) ಹಚ್ಚಿ ಬಿರುಕು ಹುಡುಕಿ, ಉಕ್ಕಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ ಮಾಡ್ಸಿ. ಉಕ್ಕಿನ ಪುಶ್-ಪುಲ್ ಟ್ಯೂಬನ್ನ ಕಿವಿ ಹತ್ರ ಹಿಡ್ದು ನಿಧಾನಕ್ಕೆ ಓರೆ ಮಾಡಿ, ಒಳಗೆ ಸರಸರ ಅಂತ ಮರಳು ಜಾರಿದ ಸದ್ದು ಬಂದ್ರೆ ಅದು ಉದುರಿದ ತುಕ್ಕು, ಹೊರಗಿನ ಪೇಂಟ್ ಎಷ್ಟೇ ಹೊಳೀತಿರ್ಲಿ ಆ ಟ್ಯೂಬ್ ಹಾರೋದಿಲ್ಲ. ಹಿಂದಿನವ್ರು ಉಕ್ಕಿನ ಟ್ಯೂಬೊಳಗೆ ಅಗಸೆ ಎಣ್ಣೆ ಸುರಿದು ತಿರುಗಿಸಿ ಹೊರಗೆ ಬಿಡ್ತಾ ಇದ್ರು, ಅದು ಒಳಗೋಡೆ ಮೇಲೆ ಪದರ ಕಟ್ಟತ್ತೆ, ಅಂಥಾ ಟ್ಯೂಬ್ ಒಳಗೆ ಇವತ್ತಿಗೂ ಹೊಸದರ ಥರ ಇರೋದು ನೋಡಿದ್ರೆ ಅವ್ರ ಮೇಲೆ ಗೌರವ ಬರತ್ತೆ.

ವಾಪಸ್ ಜೋಡಿಸೋದಕ್ಕೆ ವಿಮಾನದ ಮ್ಯಾನ್ಯುಯಲ್ಲೇ ಮೊದಲು, ಅದ್ರಲ್ಲಿ ಇಲ್ದಿದ್ದಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 1998ರಲ್ಲಿ ತಂದ ಎಸಿ 43.13-1ಬಿ ಅನ್ನೋ ಕೈಪಿಡಿ ಇದೆ, ಅದರ 7ನೇ ಅಧ್ಯಾಯ ಪೂರ್ತಿ ಬೋಲ್ಟು, ಕೇಬಲ್ಲು, ಟರ್ನ್‌ಬಕಲ್ಲು. ತಿರುಗೋ ಜಾಯಿಂಟಲ್ಲಿ ನೈಲಾನ್ ಲಾಕ್ ನಟ್ ಒಂದನ್ನೇ ನಂಬ್ಬೇಡಿ, ಪಿನ್ ಕೂರೋಕೆ ತಲೆಯಲ್ಲಿ ಸೀಳಿರೋ ಕ್ಯಾಸಲ್ ನಟ್ಟು, ಹೊಸಾ ಸ್ಪ್ಲಿಟ್ ಪಿನ್ನು ಹಾಕಿ. ಎಎನ್-3ಗೆ ದಪ್ಪ ಕ್ಯಾಸಲ್ ನಟ್ ಆದ್ರೆ ಬಿಗಿ 20ರಿಂದ 25 ಇಂಚ್-ಪೌಂಡ್, ತೆಳು ನಟ್ ಆದ್ರೆ 12ರಿಂದ 15, ಇದು ಮಣಿಕಟ್ಟಿನ ತಿರುವಷ್ಟೇ, ತೋಳಿನ ಬಲ ಅಲ್ಲ. ಫೋರ್ಕ್ ಅಂದ್ರೆ ಕವಲಿನ ಅಡ್ಡಕ್ಕೆ ಹಾಕೋ ಕ್ಲೆವಿಸ್ ಬೋಲ್ಟು ಬಿಗಿ ಮಾಡಿ ಆ ಫೋರ್ಕನ್ನ ಅಮುಕಿಬಿಟ್ರೆ ಇಷ್ಟು ದಿನ ಬಿಡಿಸಿದ್ದನ್ನ ನೀವೇ ಮತ್ತೆ ಜಾಮ್ ಮಾಡಿದ ಹಾಗೆ. ಪಿನ್ ತೂತು ಸೇರ್ಲಿಲ್ಲ ಅಂದ್ರೆ ವಾಷರ್ ಬದಲಾಯಿಸಿ. ರಾಡ್ ಎಂಡಿನ ಪಕ್ಕದ ಸಣ್ಣ ಕಿಂಡಿಯಲ್ಲಿ ತಂತಿ ತೂರಿಸಿ ನೋಡಿ, ಆಚೆ ಹೋಗ್ಬಾರ್ದು, ಹೋದ್ರೆ ಥ್ರೆಡ್ ಸಾಕಷ್ಟು ಒಳಗಿಲ್ಲ. ಟರ್ನ್‌ಬಕಲ್ ತುದಿಯಲ್ಲಿ ಮೂರಕ್ಕಿಂತ ಜಾಸ್ತಿ ಥ್ರೆಡ್ ಹೊರಗೆ ಕಾಣ್ಬಾರ್ದು.

ಎಲ್ಲಾ ಆದ್ಮೇಲೆ ಒಬ್ರು ಒಳಗೆ, ಒಬ್ರು ಹೊರಗೆ. ಸ್ಟಿಕ್ ಎಡಕ್ಕೆ ಅಂದ್ರೆ ಎಡ ಐಲರಾನ್ ಮೇಲೆ ಹೋಗ್ಬೇಕು, ಬಾಯಿಬಿಟ್ಟು ಹೇಳಿ, ಕೇಬಲ್ ಅದಲುಬದಲಾಗಿ ಜೋಡಿಸಿ ಹಾರಿ ಸತ್ತವ್ರಿದಾರೆ. ಇದನ್ನ ನೀವೇ ನೋಡಿ ಸರಿಯಿದೆ ಅಂದ್ಕೊಂಡ್ರೆ ಆಗಲ್ಲ, ಲೈಸೆನ್ಸ್ ಇರೋ ಎಂಜಿನಿಯರ್ ನೋಡಿ ಸಹಿ ಹಾಕ್ಬೇಕು, ಜೊತೆಗೆ ಆ ಕೆಲ್ಸ ಮಾಡ್ದೇ ಇರೋ ಇನ್ನೊಂದು ಜೊತೆ ಕಣ್ಣಿಂದ ಪ್ರತಿ ಪಿನ್ನೂ ನೋಡಿಸಿ.

ಮುಚ್ಚಳ ಹಾಕೋ ಮುಂಚೆ ಆಯಸ್ಕಾಂತ ಹಿಡ್ದು ಹೊಟ್ಟೆ ಭಾಗ ಪೂರ್ತಿ ಸವರಿ. ನೀವು ಕತ್ತರಿಸಿ ಎಸೆದ ಸ್ಪ್ಲಿಟ್ ಪಿನ್ ತುದಿ, ಬೋಲ್ಟಿನ ಅರ್ಧ ತುಂಡು ಎಲ್ಲಾ ಅಲ್ಲೇ ಬಿದ್ದಿರತ್ತೆ. ನಂಗೆ ಒಂದ್ಸಲ ಅಕ್ಕಿ ಕಾಳಷ್ಟು ಪಿನ್ ಚೂರು ಎಲಿವೇಟರ್ ಪುಲ್ಲಿಗೂ ಅದರ ಗಾರ್ಡಿಗೂ ಮಧ್ಯೆ ನಿಂತಿದ್ದು ಸಿಕ್ತು.